ಅಡುಗೆಮನೆಯ ಕಾಗದಗಳು: ಗೃಹವಿಜ್ಞಾನದ ತರಗತಿಯಲ್ಲಿ ಓದು-ಬರಹ

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಬೇಸಿಗೆಯ ದಿನಗಳು, ಜತ್ತ ತಾಲೂಕಿನ ಪೂರ್ವಭಾಗದಲ್ಲಿರುವ ನಮ್ಮೂರಿಗೆ ಆಗ ಟ್ಯಾಂಕರಿನ ನೀರೇ ಗತಿಯಾಗಿತ್ತು. ಮೂರು ವರ್ಷದ ತಮ್ಮನಿಗೆ ಬೆಳಗಿನಿಂದ ವಾಂತಿಭೇದಿ ಹತ್ತಿತ್ತು. ಅಪ್ಪ ಊರಲ್ಲಿರಲಿಲ್ಲ. ಅವ್ವ ಅಂಗಡಿಯಿಂದ ಓ.ಆರ್.ಎಸ್. ಪುಡಿಯ ಪಾಕೀಟೊಂದನ್ನು ತಂದು ನನ್ನ ಕೈಗಿತ್ತು, "ಇದರ ಮ್ಯಾಲ ಏನ ಬರದಾರ ನೋಡವಾ" ಎಂದಳು. ಸಣ್ಣ ಇಂಗ್ಲಿಷ್ ಅಕ್ಷರಗಳು, ನಡುವೆ ಒಂದೆರಡು ಸಾಲು ದೇವನಾಗರಿ. ನಾನು ಮೇಲಿಂದ ಮೇಲೆ ಕಣ್ಣಾಡಿಸಿ, "ನೀರಾಗ ಕಲಸಿ ಕೊಡಬೇಕಂತವ್ವಾ" ಎಂದೆ. ಅವ್ವ ಇಡೀ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕಲಸಿ ಕುಡಿಸಿದಳು. ಸಂಜೆಯ ಹೊತ್ತಿಗೆ ಕೂಸಿನ ನಾಲಿಗೆ ಒಣಗಿ, ಅಳಲೂ ಶಕ್ತಿಯಿರಲಿಲ್ಲ. ಜೀಪು ಮಾಡಿಕೊಂಡು ದವಾಖಾನೆಗೆ ಓಡಿದೆವು. ಡಾಕ್ಟರರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ನೀರಿನಲ್ಲಿ ಕಲಸಿದಿರಿ?"

ಆ ಪುಡಿ ಒಂದು ಲೀಟರ್ ನೀರಿಗೆಂದು ಅಳೆದು ಕಟ್ಟಿದ್ದು. ಒಂದು ಲೋಟದಲ್ಲಿ ಕಲಸಿದರೆ ಉಪ್ಪಿನಂಶ ವಿಪರೀತವಾಗಿ, ರಕ್ತದಲ್ಲಿ ಸೋಡಿಯಂ ಏರಿ, ನೀರು ಕಳೆದುಕೊಂಡ ಕೂಸು ಇನ್ನಷ್ಟು ಬಳಲುತ್ತದೆ. ದೇವರ ದಯೆಯಿಂದ ತಮ್ಮ ಉಳಿದ. ಆದರೆ ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೊಂದಿದೆ. ಅದೇ ವರ್ಷದ ಪರೀಕ್ಷೆಯಲ್ಲಿ "ಜೀವಜಲವನ್ನು ತಯಾರಿಸುವ ವಿಧಾನವನ್ನು ಬರೆಯಿರಿ" ಎಂಬ ಪ್ರಶ್ನೆಗೆ ನಾನು ಪೂರ್ಣ ಅಂಕ ಪಡೆದಿದ್ದೆ. ಒಂದು ಲೀಟರ್ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ಬಾಯಿಪಾಠ ಒಪ್ಪಿಸಿದ್ದೆ. ಉತ್ತರ ನನಗೆ ಬರುತ್ತಿತ್ತು. ಪಾಕೀಟು ಓದಲು ಬರುತ್ತಿರಲಿಲ್ಲ. ಅವ್ವನೂ ನಿರಕ್ಷರಿಯಲ್ಲ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಶ್ರಾವಣದಲ್ಲಿ ಗುಡ್ಡಾಪುರದ ದಾನಮ್ಮದೇವಿಯ ಚರಿತ್ರೆಯನ್ನು ರಾಗವಾಗಿ ಓದುವವಳು. ಓದಬಲ್ಲ ಇಬ್ಬರು ಹೆಂಗಸರಿದ್ದ ಮನೆಯಲ್ಲಿ, ಓದದೇ ಇದ್ದುದರಿಂದ ಒಂದು ಕೂಸಿನ ಜೀವ ಹೋಗುವುದಿತ್ತು.

ಮುಂದೆ ನಾನು ಗೃಹವಿಜ್ಞಾನದಲ್ಲಿ ಪದವಿ ಪಡೆದು ಈಗ ಬಿ.ಎಡ್. ಓದುತ್ತಿದ್ದೇನೆ. ನಾಳೆ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಿಂತು ಪಾಠ ಹೇಳಬೇಕೆಂಬ ಆಸೆಯಿರುವ ನಾನು, ಆ ಪಾಕೀಟನ್ನು ಮುಂದಿಟ್ಟುಕೊಂಡೇ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದುದು ಇಷ್ಟೇ: ಮನೆಯನ್ನು ಕುರಿತ ಪಾಠ ಓದು-ಬರಹದ ಪಾಠವೂ ಆಗಬೇಕು; ಅದಕ್ಕೆ ಬೇಕಾದ ಪುಸ್ತಕ ಪ್ರತಿಯೊಬ್ಬರ ಅಡುಗೆಮನೆಯಲ್ಲಿ ಆಗಲೇ ಇದೆ.

ಮನೆವಾರ್ತೆಯ ವಿದ್ಯೆ

ಗೃಹವಿಜ್ಞಾನವೆಂದರೆ ಅಡುಗೆ, ಹೊಲಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ಆಹಾರ ಮತ್ತು ಪೋಷಣೆ, ಮಕ್ಕಳ ಬೆಳವಣಿಗೆ, ಬಟ್ಟೆಬರೆ, ಮನೆಯ ಆಯವ್ಯಯ, ಆರೋಗ್ಯ, ಗ್ರಾಹಕರ ಹಕ್ಕು ಇವೆಲ್ಲ ಅದರ ಅಂಗಗಳು. ನಮ್ಮ ಶಾಲೆಗಳಲ್ಲಿ ಅದು ಎಲ್ಲೆಡೆಯೂ ಸ್ವತಂತ್ರ ವಿಷಯವಾಗಿಲ್ಲ. ಅದರ ಸಂಗತಿಗಳು ಪರಿಸರ ಅಧ್ಯಯನ, ವಿಜ್ಞಾನ, ಕಾರ್ಯಾನುಭವಗಳಲ್ಲಿ ಹಂಚಿಹೋಗಿವೆ. ಆದ್ದರಿಂದ ನಾನು ಇಲ್ಲಿ ಹೇಳುವುದು ಆ ಎಲ್ಲ ತಾಸುಗಳಿಗೂ ಅನ್ವಯಿಸುತ್ತದೆ.

ಮನೆವಾರ್ತೆಯ ವಿದ್ಯೆಯನ್ನು ಬರಹಕ್ಕಿಳಿಸುವುದು ಕನ್ನಡಕ್ಕೆ ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಮನೆ ಕಟ್ಟುವುದು, ನೆಲದೊಳಗಿನ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಅಡುಗೆ, ದನಕರುಗಳ ಚಿಕಿತ್ಸೆ ಎಲ್ಲವೂ ಇವೆ. ಸುಮಾರು 1508ರಲ್ಲಿ ಮೂರನೆಯ ಮಂಗರಸನು ಅಡುಗೆಯ ಬಗ್ಗೆಯೇ 'ಸೂಪಶಾಸ್ತ್ರ'ವೆಂಬ ಗ್ರಂಥವನ್ನು ಪದ್ಯದಲ್ಲಿ ಬರೆದನು. ಪಂಡಿತರ ಶಾಸ್ತ್ರಗಳು ಸಂಸ್ಕೃತದಲ್ಲಿದ್ದ ಕಾಲದಲ್ಲಿ ಜನಬಳಕೆಯ ತಿಳಿವಳಿಕೆ ಜನರ ನುಡಿಯಲ್ಲಿರಬೇಕೆಂದು ಬಗೆದವರು ಇವರು. ಸಾವಿರ ವರ್ಷಗಳ ಈ ಪರಂಪರೆ ಇದ್ದೂ, ಇಂದು ಕನ್ನಡ ಮಾಧ್ಯಮದ ಮಗು ತನ್ನ ಮನೆಯ ಉಪ್ಪಿನ ಚೀಲದ ಮೇಲಿನ ಬರಹವನ್ನು ಓದದೆ ಬೆಳೆಯುತ್ತಿದೆ.

ಓದುವುದು ಒಂದೇ ಬಗೆಯದಲ್ಲ

"ಓದು ಕಲಿಸುವುದು ಭಾಷಾ ಶಿಕ್ಷಕರ ಕೆಲಸ, ನಮ್ಮದು ವಿಷಯ ಕಲಿಸುವುದು" ಎಂಬ ಮಾತನ್ನು ಶಿಕ್ಷಕರ ಕೋಣೆಗಳಲ್ಲಿ ಸಾಮಾನ್ಯವಾಗಿ ಕೇಳುತ್ತೇವೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಬಿ.ಎಡ್. ಪದವಿಯನ್ನು ಎರಡು ವರ್ಷಗಳದ್ದಾಗಿ ಮಾಡಿದಾಗ, 'ಪಠ್ಯಕ್ರಮದಾದ್ಯಂತ ಭಾಷೆ' ಎಂಬ ವಿಷಯವನ್ನು ಭಾವಿ ಶಿಕ್ಷಕರೆಲ್ಲರ ಅಭ್ಯಾಸದಲ್ಲಿ ಸೇರಿಸಿತು. ಗಣಿತ ಕಲಿಸುವವರೂ, ವಿಜ್ಞಾನ ಕಲಿಸುವವರೂ ತಮ್ಮ ವಿಷಯದ ಭಾಷೆಯನ್ನು ಕಲಿಸಬೇಕೆಂಬುದು ಅದರ ತಿರುಳು.

ಇದರ ಹಿಂದಿರುವ ಕಾರಣ ಸರಳವಾದುದು. ಕಥೆಯನ್ನು ನಾವು ಮೊದಲಿನಿಂದ ಕೊನೆಯವರೆಗೆ ಓದುತ್ತೇವೆ. ಅಡುಗೆಯ ವಿಧಾನವನ್ನು ಒಂದು ಸಾಲು ಓದಿ, ಕೈಯಿಂದ ಮಾಡಿ, ಮರಳಿ ಬಂದು ಮುಂದಿನ ಸಾಲು ಓದುತ್ತೇವೆ. ಔಷಧದ ಚೀಟಿಯಲ್ಲಿ ಬೇಕಾದುದನ್ನು ಹುಡುಕಿ ಓದಬೇಕು: ಹೆಸರೆಲ್ಲಿ, ಪ್ರಮಾಣವೆಷ್ಟು, ಅವಧಿ ಎಂದಿನವರೆಗೆ. ಲೈಟ್ ಬಿಲ್ಲನ್ನು ಲೆಕ್ಕ ಹಾಕುತ್ತ ಓದಬೇಕು. ಬಚತ್ ಗಟದ ಸಾಲದ ಅರ್ಜಿಯನ್ನು ಸಂಶಯಪಡುತ್ತ ಓದಬೇಕು. ಕನ್ನಡದ ತಾಸಿನಲ್ಲಿ ಕಥೆ-ಕವಿತೆಗಳನ್ನು ಚೆನ್ನಾಗಿ ಓದುವ ಮಗುವಿಗೆ ಈ ಉಳಿದ ಬಗೆಗಳು ತಾವಾಗಿ ಬರುವುದಿಲ್ಲ. ಅವನ್ನು ಯಾರಾದರೂ ಕಲಿಸಬೇಕು. ಕಲಿಸಲು ತಕ್ಕ ಸ್ಥಳ ಮನೆಯ ಪಾಠವೇ.

ನಮ್ಮ ತಾಲೂಕಿನ ಮೂರು ಲಿಪಿಗಳು

ಈ ಮಾತು ಎಲ್ಲ ಊರುಗಳಿಗೂ ಸಲ್ಲುತ್ತದೆ. ಗಡಿನಾಡಿಗೆ ಇಮ್ಮಡಿಯಾಗಿ ಸಲ್ಲುತ್ತದೆ. ಉಮದಿ, ಸಂಖ, ಗುಡ್ಡಾಪುರದ ಕಡೆಯ ಕನ್ನಡ ಶಾಲೆಯ ಮಗುವಿನ ದಿನವನ್ನು ನೋಡಿರಿ. ಪುಣೆಯ ಬಾಲಭಾರತಿ ಅಚ್ಚು ಮಾಡಿದ ಅದರ ಪಠ್ಯಪುಸ್ತಕ ಕನ್ನಡದಲ್ಲಿದೆ. ಮನೆಗೆ ಬಂದರೆ ರೇಶನ್ ಕಾರ್ಡು ಮರಾಠಿಯಲ್ಲಿ, ಮಹಾವಿತರಣದ ಬಿಲ್ಲು ಮರಾಠಿಯಲ್ಲಿ, ಹೊಲದ ಸಾತ್‌ಬಾರಾ ಉತಾರೆ ಮರಾಠಿಯಲ್ಲಿ. ಗುಳಿಗೆಯ ಹಾಳೆ ಇಂಗ್ಲಿಷಿನಲ್ಲಿ. ಆಹಾರ ಪದಾರ್ಥಗಳ ಪಾಕೀಟಿನ ಮೇಲಿನ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೆ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕೆಂದು ನಿಯಮವೇ ಇದೆ. ಬೇರೆ ಭಾಷೆಯನ್ನು ಸೇರಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು.

ಹೀಗಾಗಿ ನಮ್ಮ ಮಕ್ಕಳಿಗೆ ಕನ್ನಡ ಶಾಲೆಯ ಅಕ್ಷರವಾಗಿಯೂ, ಮನೆಯ ಕಾಗದಗಳೆಲ್ಲ ಪರರ ಅಕ್ಷರವಾಗಿಯೂ ತೋರುತ್ತವೆ. "ಕನ್ನಡ ಶಾಲೆಗೆ ಹಾಕಿದರೆ ಮುಂದೆ ಕಾಗದಪತ್ರ ತಿಳಿಯುವುದಿಲ್ಲ" ಎಂದು ಕೆಲವು ಪಾಲಕರು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಒಯ್ಯುವುದನ್ನು ನಾವೆಲ್ಲ ಕಂಡಿದ್ದೇವೆ. ಅವರ ಅಂಜಿಕೆಗೆ ಕಾರಣವಿದೆ. ಪರಿಹಾರ ಮಾತ್ರ ಸರಿಯಿಲ್ಲ. ಮರಾಠಿಯನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಶಾಲೆಯಲ್ಲಿ ಭಾಷೆಗಳಾಗಿ ಕಲಿಯುತ್ತಾರೆ. ಲಿಪಿ ಅವರಿಗೆ ಗೊತ್ತಿದೆ. ಕೊರತೆಯಿರುವುದು ಆ ಲಿಪಿಯಲ್ಲಿ ಬಂದ ಕಾಗದವನ್ನು ಕೈಯಲ್ಲಿ ಹಿಡಿದು, ಅದರ ಅರ್ಥವನ್ನು ತಾಯ್ನುಡಿಯಲ್ಲಿ ಬಿಡಿಸಿ ಹೇಳುವ ರೂಢಿಯದು. ಮೂರು ಲಿಪಿಯ ಕಾಗದವನ್ನು ಓದಿ ಕನ್ನಡದಲ್ಲಿ ಅವ್ವನಿಗೆ ತಿಳಿಸಬಲ್ಲ ಮಗು ಒಂದೇ ಭಾಷೆ ಬಲ್ಲ ಮಗುವಿಗಿಂತ ಯಾವ ರೀತಿಯಲ್ಲೂ ಹಿಂದಲ್ಲ.

ತರಗತಿಯಲ್ಲಿ ನಾಲ್ಕು ಪಾಠಗಳು

ನಾನು ಮಾಡಬೇಕೆಂದಿರುವ ಪಾಠಗಳಲ್ಲಿ ನಾಲ್ಕನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದು ಪಾಕೀಟಿನ ಪಾಠ. ಪ್ರತಿ ಗುಂಪಿಗೆ ಒಂದು ಖಾಲಿ ಓ.ಆರ್.ಎಸ್. ಪಾಕೀಟು. ಪ್ರಶ್ನೆಗಳು ಮೂರು: ಎಷ್ಟು ನೀರಿಗೆ? ಒಳಗೇನಿದೆ? ಎಂದಿನವರೆಗೆ ಬಳಸಬಹುದು? ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಗ್ಲುಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ ಇರಬೇಕು. ಅಂಗಡಿಯಲ್ಲಿ ಒಂದು ಲೀಟರಿನ ಪಾಕೀಟೂ ಸಿಗುತ್ತದೆ, 200 ಮಿಲಿಲೀಟರಿನ ಸಣ್ಣ ಪಾಕೀಟೂ ಸಿಗುತ್ತದೆ. ಆದ್ದರಿಂದ ಬಾಯಿಪಾಠ ಸಾಲದು, ಕೈಯಲ್ಲಿರುವುದನ್ನೇ ಓದಬೇಕು. ಕಲಸಿದ ನೀರನ್ನು 24 ತಾಸಿನ ನಂತರ ಚೆಲ್ಲಬೇಕು. ಇನ್ನೊಂದು ಎಚ್ಚರಿಕೆ: ಸಕ್ಕರೆ ತುಂಬಿದ ಹಣ್ಣಿನ ಪಾನೀಯಗಳನ್ನು ಕೂಡ ಓ.ಆರ್.ಎಸ್. ಎಂಬ ಹೆಸರು ಹಚ್ಚಿ ಮಾರುತ್ತಿದ್ದರು. 2025ರ ಅಕ್ಟೋಬರದಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಹಾಗೆ ಹೆಸರಿಡುವುದನ್ನು ನಿಷೇಧಿಸಿತು. ದೊಡ್ಡಕ್ಷರದ ಹೆಸರನ್ನು ನಂಬದೆ ಸಣ್ಣಕ್ಷರದ ಪಟ್ಟಿಯನ್ನು ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಎರಡನೆಯದು ಸಿಲಿಂಡರಿನ ಪಾಠ. ಗ್ಯಾಸಿನ ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿಗಳಿರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲಿನಿಂದ ಜೂನ್, ಸಿ ಎಂದರೆ ಜುಲೈಯಿಂದ ಸಪ್ಟೆಂಬರ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಅಂಕಿಗಳು ವರ್ಷವನ್ನು ಹೇಳುತ್ತವೆ. 'ಬಿ-27' ಎಂದಿದ್ದರೆ 2027ರ ಜೂನಿನೊಳಗೆ ಆ ಸಿಲಿಂಡರನ್ನು ಮರುಪರೀಕ್ಷೆಗೆ ಒಳಪಡಿಸಬೇಕು. ಅವಧಿ ಮೀರಿದ್ದು ಬಂದರೆ ಬೇಡವೆಂದು ಮರಳಿಸಬಹುದು. ಖಾಲಿ ಸಿಲಿಂಡರಿನ ತೂಕವೂ ಅದರ ಮೇಲೆಯೇ ಇರುತ್ತದೆ, ಅದಕ್ಕೆ 14.2 ಕಿಲೋ ಕೂಡಿಸಿದರೆ ತುಂಬಿದ ತೂಕ. ನಾಲ್ಕು ಅಕ್ಷರ ಓದಿ ಒಂದು ಕೂಡಿಸುವ ಲೆಕ್ಕ ಮಾಡಿದರೆ ಮನೆಯ ಸುರಕ್ಷತೆಯೂ ಆಯಿತು, ಹಣಕ್ಕೆ ತಕ್ಕ ಮಾಲು ಬಂದಿತೇ ಎಂಬುದೂ ತಿಳಿಯಿತು.

ಮೂರನೆಯದು ಬಿಲ್ಲು ಮತ್ತು ಬಡ್ಡಿಯ ಪಾಠ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ತಾಸು ಉರಿದರೆ ಒಂದು ಯೂನಿಟ್. ಹತ್ತು ವ್ಯಾಟಿನ ದೀಪ ಒಂದು ಯೂನಿಟ್ ಬಳಸಲು ನೂರು ತಾಸು ಬೇಕು. ಮಗು ತನ್ನ ಮನೆಯ ಬಿಲ್ಲಿನಲ್ಲಿ ಹಿಂದಿನ ರೀಡಿಂಗು, ಈಗಿನ ರೀಡಿಂಗುಗಳನ್ನು ಹುಡುಕಿ, ಕಳೆದು, ಮೀಟರಿಗೆ ಹೋಲಿಸಿ ನೋಡಲಿ. ಹಾಗೆಯೇ ಸಾಲದ ಮಾತು. "ನೂರಕ್ಕೆ ತಿಂಗಳಿಗೆ ಎರಡೇ ರೂಪಾಯಿ" ಎಂದಾಗ ಹಗುರವಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು ಶೇಕಡಾ 24. ಬಚತ್ ಗಟದ ಪುಸ್ತಕದಲ್ಲಿ ತಾಯಿಯ ಹೆಸರಿನ ಮುಂದೆ ಬರೆದ ಅಂಕಿಯನ್ನು ಮಗಳು ಓದಿ ಹೇಳುವಂತಾದರೆ ಸಹಿ ಮಾಡುವ ಕೈಗೆ ಧೈರ್ಯ ಬರುತ್ತದೆ.

ನಾಲ್ಕನೆಯದು ಬರವಣಿಗೆಯ ಪಾಠ. ಇದನ್ನು ನಾನು ಅಭ್ಯಾಸಪಾಠದ ದಿನಗಳಲ್ಲಿ ಏಳನೆಯ ಇಯತ್ತೆಯಲ್ಲಿ ಮಾಡಿ ನೋಡಿದ್ದೇನೆ. ಭೋಗಿಯ ಹಬ್ಬ ಹತ್ತಿರವಿತ್ತು. "ಸಜ್ಜಿ ರೊಟ್ಟಿ ಮಾಡುವ ವಿಧಾನ ಬರೆಯಿರಿ" ಎಂದೆ. ಒಬ್ಬ ಹುಡುಗ, "ಹಿಟ್ಟು ನಾದಿ ರೊಟ್ಟಿ ಬಡಿದು ಬೇಯಿಸಬೇಕು" ಎಂದು ಒಂದೇ ಸಾಲಿನಲ್ಲಿ ಮುಗಿಸಿದ. ಅವನ ಬರಹವನ್ನು ಇನ್ನೊಬ್ಬನಿಗೆ ಕೊಟ್ಟು, "ಇದರಲ್ಲಿ ಬರೆದಷ್ಟನ್ನೇ ಮಾಡಿ ತೋರಿಸು" ಎಂದೆ. ಅವನು ಒಣ ಹಿಟ್ಟನ್ನೇ ನಾದುವಂತೆ ನಟಿಸಿದ. ತರಗತಿ ನಕ್ಕಿತು. "ನೀರು ಬರದಿಲ್ಲಲ್ರೀ ಟೀಚರ್!" ಎಂದು ಹುಡುಗಿಯೊಬ್ಬಳು ಕೂಗಿದಳು. ಎಂಥ ನೀರು ಎಂದು ಕೇಳಿದೆ. ಯಾರಿಗೂ ಖಚಿತವಿರಲಿಲ್ಲ. "ನಾಳೆ ಆಯಿಯನ್ನು ಕೇಳಿಕೊಂಡು ಬನ್ನಿ" ಎಂದು ಕಳುಹಿಸಿದೆ.

ಮರುದಿನ ಬಂದ ಬರಹಗಳೇ ಬೇರೆ. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಹೊಯ್ಯಬೇಕು; ಕೈಗೆ ಹತ್ತದ ಹಾಗೆ ಹದ ಬರಬೇಕು; ಬಡಿಯುವಾಗ ಎಳ್ಳು ಹಚ್ಚಬೇಕು; ಹಂಚಿಗೆ ಹಾಕಿದ ಮೇಲೆ ನೀರಿನ ಅರಿವೆಯಿಂದ ಒರೆಸಬೇಕು. ಎಸರೇ ಏಕೆಂಬ ಪ್ರಶ್ನೆಯಿಂದ ವಿಜ್ಞಾನ ಹೊರಟಿತು: ಸಜ್ಜೆ, ಜೋಳಗಳಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲ, ಬಿಸಿನೀರು ತಾಗಿದಾಗ ಅವುಗಳ ಪಿಷ್ಟ ಜಿಗಿಯಾಗಿ ಹಿಟ್ಟು ಹಿಡಿದುಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕವನ್ನು ಹಲಗೆಯ ಮೇಲೆ ಬರೆದೆ. ನೂರು ಗ್ರಾಂ ಸಜ್ಜೆಯಲ್ಲಿ ಕಬ್ಬಿಣದ ಅಂಶ ಸುಮಾರು 6.4 ಮಿಲಿಗ್ರಾಂ, ಜೋಳದಲ್ಲಿ ಸುಮಾರು 4, ಬಿಳಿ ಅಕ್ಕಿಯಲ್ಲಿ ಒಂದಕ್ಕೂ ಕಡಿಮೆ. ಬಡವರ ರೊಟ್ಟಿಯೆಂದು ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದ ಮಗು ಆ ಅಂಕಿಗಳನ್ನು ಎರಡು ಸಲ ಓದಿತು. ಮೂರನೆಯ ತಿದ್ದುಪಡಿಯ ಹೊತ್ತಿಗೆ ಆ ಒಂದೇ ಸಾಲಿನ ಹುಡುಗ ಒಂದು ಪುಟ ಬರೆದಿದ್ದ. ಅದರ ಕೊನೆಯಲ್ಲಿ, "ಇದನ್ನು ನನ್ನ ಆಯಿ ಹೇಳಿದಳು" ಎಂದು ಅವಳ ಹೆಸರನ್ನೂ ಬರೆದಿದ್ದ. ತನ್ನ ಹೆಸರನ್ನು ಓದಲು ಬಾರದ ಆ ಮುದುಕಿಯ ವಿದ್ಯೆ ಅಂದು ಕಾಗದದ ಮೇಲೆ ಬಂತು.

ಎರಡು ಆಕ್ಷೇಪಗಳು

ಹೆಣ್ಣುಮಕ್ಕಳನ್ನು ಮರಳಿ ಒಲೆಯ ಮುಂದೆ ಕೂಡಿಸುವ ವಿದ್ಯೆ ಇದಲ್ಲವೇ ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1952-53ರ ಮುದಲಿಯಾರ್ ಆಯೋಗವು ಹೆಣ್ಣುಮಕ್ಕಳಿರುವ ಶಾಲೆಗಳಲ್ಲಿ ಗೃಹವಿಜ್ಞಾನಕ್ಕೆ ವಿಶೇಷ ಅನುಕೂಲ ಬೇಕೆಂದಿತು. 1964-66ರ ಕೊಠಾರಿ ಆಯೋಗವು ಅದನ್ನು ಹುಡುಗಿಯರಿಗೆ ಕಡ್ಡಾಯ ಮಾಡಬಾರದೆಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಬಳಿಕ ಎನ್.ಸಿ.ಇ.ಆರ್.ಟಿ.ಯು ಹನ್ನೊಂದು, ಹನ್ನೆರಡನೆಯ ತರಗತಿಗಳಲ್ಲಿ ಈ ವಿಷಯಕ್ಕೆ 'ಮಾನವ ಪರಿಸರ ಮತ್ತು ಕುಟುಂಬ ವಿಜ್ಞಾನ' ಎಂಬ ಅರ್ಥದ ಹೊಸ ಹೆಸರನ್ನಿಟ್ಟು, ಹುಡುಗ-ಹುಡುಗಿಯರಿಬ್ಬರಿಗೂ ಸಲ್ಲುವಂತೆ ಪುಸ್ತಕ ರಚಿಸಿತು. ಮೇಲಿನ ನಾಲ್ಕು ಪಾಠಗಳಲ್ಲಿ ಒಂದೂ ಹುಡುಗಿಯರಿಗೆ ಮೀಸಲಲ್ಲ. ಕಬ್ಬು ಕಡಿಯಲು ಅವ್ವ-ಅಪ್ಪ ಹೋದಾಗ ತಂಗಿಯನ್ನು ನೋಡಿಕೊಳ್ಳುವ ಹುಡುಗನಿಗೂ ಪಾಕೀಟು ಓದಲು ಬರಬೇಕು.

ಎರಡನೆಯ ಆಕ್ಷೇಪ ಶಿಕ್ಷಕರದು: ಪಠ್ಯ ಮುಗಿಸಲು ವೇಳೆಯಿಲ್ಲ, ಕೆಲವೆಡೆ ಕನ್ನಡ ಬಲ್ಲ ಶಿಕ್ಷಕರೇ ಸಾಕಷ್ಟಿಲ್ಲ. ಎರಡೂ ನಿಜ. ಆದರೆ ನಾನು ಹೇಳುವುದು ಹೊಸ ಪಾಠವಲ್ಲ, ಇರುವ ಪಾಠಕ್ಕೆ ಹೊಸ ಸಾಮಗ್ರಿ. ಆಹಾರದ ಪಾಠ ಹೇಗೂ ಇದೆ. ಅದರ ಜೊತೆಗೆ ಒಂದು ಪಾಕೀಟು ಇರಲಿ. ಇನ್ನು ಮರಾಠಿ ಬಲ್ಲ ಶಿಕ್ಷಕರು ಕನ್ನಡ ತರಗತಿಗೆ ಬಂದಿರುವಲ್ಲಿಯೂ ಈ ಕಾಗದಗಳು ಸೇತುವೆಯಾಗಬಲ್ಲವು: ಬಿಲ್ಲಿನ ಮರಾಠಿಯನ್ನು ಗುರುಗಳು ಬಿಡಿಸಿ ಹೇಳಲಿ, ಅದಕ್ಕೆ ಕನ್ನಡದ ಮಾತನ್ನು ಮಕ್ಕಳು ಕೊಡಲಿ. ಕನ್ನಡ ಬಲ್ಲ ಶಿಕ್ಷಕರು ಬೇಕೆಂಬ ನಮ್ಮ ಬೇಡಿಕೆ ಅದರಿಂದ ಕಡಿಮೆಯಾಗುವುದಿಲ್ಲ. ಅಲ್ಲಿಯವರೆಗೆ ಮಕ್ಕಳ ಕಲಿಕೆ ನಿಲ್ಲದಿರಲಿ ಎಂಬುದಷ್ಟೇ ನನ್ನ ಮಾತು.

ಪಾಲಕರಲ್ಲಿ ಒಂದು ಬಿನ್ನಹ

ಪಾಲಕ ಬಂಧುಗಳೇ, ಇದರಲ್ಲಿ ಶಾಲೆಯ ಪಾಲು ಅರ್ಧ, ನಿಮ್ಮ ಪಾಲು ಅರ್ಧ. ಖಾಲಿಯಾದ ಪಾಕೀಟನ್ನು ಒಲೆಗೆ ಹಾಕುವ ಮುನ್ನ ಮಗುವಿನ ಕೈಗೆ ಕೊಡಿರಿ. ಲೈಟ್ ಬಿಲ್ಲು ಬಂದ ದಿನ, "ಎಷ್ಟು ಯೂನಿಟ್ ಉರಿದೀವಿ ಓದಿ ಹೇಳು" ಎಂದು ಕೇಳಿರಿ. ಗುಳಿಗೆಯ ಹಾಳೆಯ ಮೇಲೆ ಕೆಂಪು ಗೆರೆಯಿದ್ದರೆ ಅದನ್ನು ಡಾಕ್ಟರರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದೆಂದು ಅರ್ಥ. ಆ ಗೆರೆಯನ್ನು ಹುಡುಕುವ ಕೆಲಸವನ್ನು ಮಗುವಿಗೆ ವಹಿಸಿರಿ. ಮಗು ತಡವರಿಸಿದರೆ ಬೈಯಬೇಡಿರಿ. ತಡವರಿಸುತ್ತ ಓದುವುದೂ ಓದೇ. ನಿಮಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ಕೇಳುವವರು ಇದ್ದಾರೆಂದು ಗೊತ್ತಾದರೆ ಮಗು ಓದುತ್ತದೆ. ಹಾಗೆಯೇ ನಿಮಗೆ ಗೊತ್ತಿರುವ ಅಡುಗೆ, ಮನೆಮದ್ದು, ಕಾಳು ಕೆಡದಂತೆ ಇಡುವ ಬಗೆ ಇವನ್ನು ಮಕ್ಕಳಿಗೆ ಹೇಳಿ ಬರೆಯಿಸಿರಿ.

ಅಂದು ಲೋಟದಲ್ಲಿ ಪುಡಿ ಕಲಸಿದ ನಮ್ಮವ್ವ ಆ ದಿನವನ್ನು ಕುರಿತು ಹೆಚ್ಚು ಮಾತಾಡುವುದಿಲ್ಲ. ಆದರೆ ಓಣಿಯಲ್ಲಿ ಯಾವ ಕೂಸಿಗೆ ಭೇದಿಯಾದರೂ, ಯಾರು ಪಾಕೀಟು ಹಿಡಿದು ಬಂದರೂ ಅವಳು ಮೊದಲು ತಮ್ಮನನ್ನು ಕರೆಯುತ್ತಾಳೆ. ಅವನೀಗ ಕನ್ನಡ ಶಾಲೆಯಲ್ಲಿ ಎಂಟನೆಯ ಇಯತ್ತೆ. ಅವನ ಮುಂದೆ ಪಾಕೀಟು ಹಿಡಿದು, "ಎಷ್ಟು ನೀರಂತ ಬರದಾರ? ಎರಡ ಸಲ ಓದು" ಎನ್ನುತ್ತಾಳೆ. ಅವನು ಎರಡು ಸಲ ಓದುತ್ತಾನೆ.